ಹದಿಮೂರರಿಂದ ಹದಿನಾರು: ಬೆಳಗಾವಿಯ ಫುಟ್‌ಬಾಲ್ ಹುಡುಗರು ಎಲ್ಲಿ ಕಳೆದುಹೋಗುತ್ತಾರೆ

ಖಡೇಬಜಾರಿನ ಒಂದು ಮೂಲೆಯಲ್ಲಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರ ಮುಂದೆ ಹದಿನಾಲ್ಕು ವರ್ಷದ ಹುಡುಗನೊಬ್ಬ ಬಾಯಿ ಬಿಟ್ಟ ಫುಟ್‌ಬಾಲ್ ಬೂಟನ್ನು ಹಿಡಿದು ನಿಂತಿದ್ದ. "ಕಾಕಾ, ಐತವಾರದ ಮ್ಯಾಚ್ ತನಕಾ ತಡದ್ರ ಸಾಕ್ರಿ" ಎಂದ. ಹಿರಿಯರು ಬೂಟಿನೊಳಗೆ ಕೈ ಹಾಕಿ, ಅಟ್ಟೆಯನ್ನು ತಿರುವಿ ನೋಡಿ, "ಹ್ವಾದ ತಿಂಗಳ ಇದ ಜಾಗಾ ಹೊಲದ ಕೊಟ್ಟೇನಲ್ಲೋ ತಮ್ಮಾ. ಬೂಟಿಂದ ತಪ್ಪಿಲ್ಲ, ನಿನ್ನ ಬೆರಳ ಮುಂದ ಬಂದಾವು" ಎಂದರು. ಹುಡುಗ ನಾಚಿಕೊಂಡು ತಲೆ ತಗ್ಗಿಸಿದ. ಆದರೂ ಅವರು ದಾರಕ್ಕೆ ಮೇಣ ಹಚ್ಚಿ ಎರಡು ಸಾಲು ಹೊಲಿಗೆ ಹಾಕಿಕೊಟ್ಟರು.

ಈ ಊರಿನ ಮೈದಾನಗಳ ಅಂಚಿನಲ್ಲಿ ಅನೇಕ ವರ್ಷ ನಿಂತು ನೋಡಿದವನಾಗಿ ಹೇಳುತ್ತೇನೆ: ಹನ್ನೆರಡನೇ ವಯಸ್ಸಿನಲ್ಲಿ ಮೈದಾನದ ತುಂಬ ಕಾಣುವ ಹುಡುಗರಲ್ಲಿ ಹದಿನೇಳಕ್ಕೆ ಬರುವ ಹೊತ್ತಿಗೆ ಬೆರಳೆಣಿಕೆಯಷ್ಟು ಮಂದಿ ಮಾತ್ರ ಆಟದಲ್ಲಿ ಉಳಿದಿರುತ್ತಾರೆ. ಬಿಟ್ಟುಹೋದವರ ಬಗ್ಗೆ ನಾವು ‘ಅವನಲ್ಲಿ ಅಷ್ಟು ಪ್ರತಿಭೆ ಇರಲಿಲ್ಲ’ ಅಥವಾ ‘ಆಸಕ್ತಿ ಹೋಯಿತು’ ಎಂದು ಸುಮ್ಮನಾಗುತ್ತೇವೆ. ಈ ತೀರ್ಮಾನ ಬಹುಪಾಲು ತಪ್ಪೆಂದು ನಾನು ನಂಬಿದ್ದೇನೆ. ದೇಹ ಅತಿ ವೇಗವಾಗಿ ಬೆಳೆಯುವ ಕಾಲ, ವಯಸ್ಸಿನ ದಾಖಲೆ ಕೇಳುವ ಕಾಲ, ಜಿಲ್ಲೆ ಮತ್ತು ರಾಜ್ಯ ತಂಡಗಳಿಗೆ ಆಯ್ಕೆ ನಡೆಯುವ ಕಾಲ, ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಕಾಲ, ಇವೆಲ್ಲವೂ ಹದಿಮೂರರಿಂದ ಹದಿನಾರು ವರ್ಷಗಳ ನಡುವಿನ ಒಂದೇ ಇಕ್ಕಟ್ಟಿನಲ್ಲಿ ಬಂದು ಕೂಡುತ್ತವೆ. ಒಂದೊಂದಾಗಿ ಬಂದಿದ್ದರೆ ದಾಟಬಹುದಾಗಿದ್ದ ಈ ಕಷ್ಟಗಳು ಒಟ್ಟಿಗೆ ಬಂದಾಗ ಹುಡುಗ ಯಾವುದರಿಂದ ಸೋತನೆಂಬುದು ಅವನಿಗೂ ತಿಳಿಯುವುದಿಲ್ಲ, ಅವನ ಮನೆಯವರಿಗೂ ತಿಳಿಯುವುದಿಲ್ಲ.

ಬೆಳಗಾವಿಗೆ ಫುಟ್‌ಬಾಲ್ ಹೊಸದಲ್ಲ. ಕ್ಯಾಂಪ್ ಪ್ರದೇಶದ ಸೈನಿಕರ ಬದುಕು ಮತ್ತು 1856ರಲ್ಲಿ ಆರಂಭವಾದ ಸೇಂಟ್ ಪಾಲ್ಸ್‌ನಂಥ ಶಾಲೆಗಳು ಈ ಆಟವನ್ನು ಇಲ್ಲಿ ನೆಲೆಗೊಳಿಸಿದವು. ಒಂದು ಕಡೆ ಚೋರ್ಲಾ ಘಾಟಿನ ಆಚೆಗೆ ಫುಟ್‌ಬಾಲನ್ನೇ ಉಸಿರಾಡುವ ಗೋವಾ ಇದೆ. ಇನ್ನೊಂದು ಕಡೆ ಸುಮಾರು 500 ಕಿಲೋಮೀಟರ್ ದೂರದಲ್ಲಿ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಕಚೇರಿ ಇರುವ ಬೆಂಗಳೂರು. ಹತ್ತಿರದ ಫುಟ್‌ಬಾಲ್ ಕೇಂದ್ರ ಬೇರೆ ರಾಜ್ಯದ್ದು, ನಮ್ಮ ರಾಜ್ಯದ ಕೇಂದ್ರ ಒಂದು ರಾತ್ರಿಯ ಪ್ರಯಾಣದಷ್ಟು ದೂರ. ಇಲ್ಲಿನ ಹುಡುಗನ ಅರ್ಧ ಕಷ್ಟ ಈ ಭೂಗೋಳದಲ್ಲೇ ಅಡಗಿದೆ. ಅದಕ್ಕೆ ಮುಂದೆ ಬರುತ್ತೇನೆ. ಮೊದಲು ದೇಹದ ಮಾತು.

ಗಂಡುಮಕ್ಕಳಲ್ಲಿ ಎತ್ತರ ಅತಿ ವೇಗವಾಗಿ ಏರುವ ಹಂತ ಸರಾಸರಿಯಾಗಿ ಹದಿಮೂರೂವರೆಯಿಂದ ಹದಿನಾಲ್ಕು ವರ್ಷದ ಸುಮಾರಿಗೆ ಬರುತ್ತದೆ. ಹೆಣ್ಣುಮಕ್ಕಳಲ್ಲಿ ಅದಕ್ಕಿಂತ ಎರಡು ವರ್ಷ ಮೊದಲೇ ಬರುತ್ತದೆ. ಆ ಹಂತದಲ್ಲಿ ಒಂದೇ ವರ್ಷದಲ್ಲಿ 8ರಿಂದ 10 ಸೆಂಟಿಮೀಟರ್ ಬೆಳೆಯುವುದುಂಟು. ಆದರೆ ಎಲ್ಲ ಅಂಗಗಳೂ ಒಂದೇ ಸಮನೆ ಬೆಳೆಯುವುದಿಲ್ಲ. ಮೊದಲು ಪಾದ ದೊಡ್ಡದಾಗುತ್ತದೆ, ಆಮೇಲೆ ಕಾಲಿನ ಉದ್ದ ಮೂಳೆಗಳು, ಕೊನೆಗೆ ಬೆನ್ನು ಮತ್ತು ಎದೆಯ ಭಾಗ. ಚೆಂಡು ಎಷ್ಟು ದೂರದಲ್ಲಿದೆ, ಕಾಲನ್ನು ಎಷ್ಟು ಚಾಚಬೇಕು ಎಂಬ ಲೆಕ್ಕವನ್ನು ಮಿದುಳು ಹಳೆಯ ಕಾಲಿನ ಅಳತೆಯಲ್ಲೇ ಹಾಕುತ್ತಿರುವಾಗ ಕಾಲು ಮಾತ್ರ ನಾಲ್ಕು ಬೆರಳು ಉದ್ದವಾಗಿರುತ್ತದೆ. ಹೋದ ವರ್ಷ ಚೆಂಡನ್ನು ಅಂಟಿಸಿಕೊಂಡಂತೆ ಓಡುತ್ತಿದ್ದ ಹುಡುಗ ಈ ವರ್ಷ ಎಡವುತ್ತಾನೆ, ಪಾಸು ತಪ್ಪುತ್ತಾನೆ, ತಿರುಗುವಾಗ ಮುಗ್ಗರಿಸುತ್ತಾನೆ. ಇದು ಕೆಲವು ತಿಂಗಳಲ್ಲಿ ಸರಿಹೋಗುವ ತಾತ್ಕಾಲಿಕ ಸ್ಥಿತಿ. ಆದರೆ ಜಿಲ್ಲಾ ತಂಡದ ಆಯ್ಕೆ ಅದೇ ತಿಂಗಳು ಬಂದರೆ ‘ಇವನ ಆಟ ಕೆಟ್ಟಿತು’ ಎಂಬ ಮಾತು ಶಾಶ್ವತವಾಗಿ ಅಂಟಿಕೊಳ್ಳುತ್ತದೆ. ಚಪ್ಪಲಿ ಹೊಲಿಯುವ ಹಿರಿಯರ ಕೈಗೆ ತಿಳಿದದ್ದು ಆಯ್ಕೆಗಾರರ ಕಣ್ಣಿಗೆ ಎಷ್ಟೋ ಸಲ ಬೀಳುವುದಿಲ್ಲ.

ಇದೇ ಹಂತದಲ್ಲಿ ನೋವೂ ಬರುತ್ತದೆ. ತೊಡೆಯ ಮುಂಭಾಗದ ದೊಡ್ಡ ಸ್ನಾಯು ಮೊಣಕಾಲಿನ ಚಿಪ್ಪನ್ನು ಬಳಸಿಕೊಂಡು ಬಂದು ಅದರ ಕೆಳಗಿನ ಮೂಳೆಯ ಮೇಲ್ತುದಿಗೆ ಕಚ್ಚಿಕೊಂಡಿರುತ್ತದೆ. ಬೆಳೆಯುವ ವಯಸ್ಸಿನಲ್ಲಿ ಆ ಜಾಗ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಮೂಳೆ ಬೇಗ ಉದ್ದವಾಗಿ ಸ್ನಾಯು ಬಿಗಿಯಾದಾಗ, ಪ್ರತಿ ಓಟ, ಪ್ರತಿ ಒದೆತ, ಪ್ರತಿ ಜಿಗಿತ ಆ ಮೆತ್ತನೆಯ ಜಾಗವನ್ನು ಜಗ್ಗುತ್ತದೆ. ಚಿಪ್ಪಿನ ಕೆಳಗೆ ಸಣ್ಣ ಗಂಟು ಎದ್ದು, ಮುಟ್ಟಿದರೆ ನೋಯುತ್ತದೆ. 1903ರಲ್ಲಿ ಅಮೆರಿಕದ ರಾಬರ್ಟ್ ಆಸ್ಗುಡ್ ಮತ್ತು ಸ್ವಿಟ್ಜರ್ಲೆಂಡಿನ ಕಾರ್ಲ್ ಶ್ಲಾಟರ್ ಬೇರೆಬೇರೆಯಾಗಿ ಇದನ್ನು ವಿವರಿಸಿದ್ದರಿಂದ ವೈದ್ಯರು ಇದನ್ನು ಆಸ್ಗುಡ್-ಶ್ಲಾಟರ್ ಎಂದೇ ಕರೆಯುತ್ತಾರೆ. ಹಿಮ್ಮಡಿಯ ಹಿಂಭಾಗದಲ್ಲೂ ಇಂಥದೇ ನೋವು ಬರುವುದುಂಟು. ಆಟದ ಪ್ರಮಾಣ ತಗ್ಗಿಸಿ, ಐಸ್ ಇಟ್ಟು, ತೊಡೆಯ ಸ್ನಾಯುಗಳನ್ನು ಸಡಿಲಿಸುವ ವ್ಯಾಯಾಮ ಮಾಡಿದರೆ ಬಹುತೇಕರಲ್ಲಿ ಬೆಳವಣಿಗೆ ನಿಲ್ಲುವ ಹೊತ್ತಿಗೆ ಇದು ತಾನಾಗಿ ಶಮನವಾಗುತ್ತದೆ. ಆದರೆ ಹುಡುಗರು ಹೇಳುವುದಿಲ್ಲ. ಹೇಳಿದರೆ ಕೋಚ್ ಕೂಡಿಸಿಬಿಡುತ್ತಾರೆ, ಕೂತರೆ ಜಾಗ ಇನ್ನೊಬ್ಬನಿಗೆ ಹೋಗುತ್ತದೆ ಎಂಬ ಹೆದರಿಕೆ. ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಅದರ ಮೇಲೆ ಸಾಕ್ಸ್ ಎಳೆದು, ಎರಡು ತಿಂಗಳು ಯಾರಿಗೂ ತಿಳಿಯದಂತೆ ಆಡಿದ ಹುಡುಗನನ್ನು ನಾನು ಬಲ್ಲೆ. ಅವನು ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಳ್ಳುವುದನ್ನು ಅವನ ತಾಯಿ ನೋಡಿದ ಮೇಲಷ್ಟೇ ವಿಷಯ ಹೊರಬಿತ್ತು.

ಎರಡನೆಯ ಇಕ್ಕಟ್ಟು ಹುಟ್ಟಿದ ದಿನಾಂಕದ್ದು. ಕಿರಿಯರ ತಂಡಗಳನ್ನು ಹುಟ್ಟಿದ ವರ್ಷದ ಆಧಾರದ ಮೇಲೆ ವಿಂಗಡಿಸುವ ಪದ್ಧತಿಯಲ್ಲಿ ಜನವರಿಯಲ್ಲಿ ಹುಟ್ಟಿದವನೂ ಅದೇ ವರ್ಷದ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ಗುಂಪಿನಲ್ಲಿ ನಿಲ್ಲುತ್ತಾರೆ. ಮೂವತ್ತರ ಪ್ರಾಯದಲ್ಲಿ ಹನ್ನೊಂದು ತಿಂಗಳ ಅಂತರ ಏನೂ ಅಲ್ಲ. ಹದಿಮೂರರಲ್ಲಿ ಅದು ನಾಲ್ಕು ಬೆರಳಿನಷ್ಟು ಎತ್ತರದ ವ್ಯತ್ಯಾಸವಾಗಬಹುದು. ಆಯ್ಕೆಯ ದಿನ ದೊಡ್ಡವನು ಗುದ್ದಾಡಿ ಚೆಂಡು ಕಿತ್ತುಕೊಳ್ಳುತ್ತಾನೆ, ಆಯ್ಕೆಯಾಗುತ್ತಾನೆ, ಒಳ್ಳೆಯ ತರಬೇತಿ ಪಡೆಯುತ್ತಾನೆ, ಮರುವರ್ಷ ನಿಜಕ್ಕೂ ಉತ್ತಮ ಆಟಗಾರನಾಗಿರುತ್ತಾನೆ. ಸಣ್ಣವನಿಗೆ ತರಬೇತಿಯ ಬಾಗಿಲು ಮುಚ್ಚಿಹೋಗಿರುತ್ತದೆ. ಯುರೋಪಿನ ಅಕಾಡೆಮಿಗಳಲ್ಲಿ ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರ ಸಂಖ್ಯೆ ಎದ್ದು ಕಾಣುವಷ್ಟು ಹೆಚ್ಚಿರುವುದು ಬಹಳ ಹಿಂದೆಯೇ ಕಂಡುಬಂದ ಸಂಗತಿ.

ನಮ್ಮಲ್ಲಿ ಈ ಸಮಸ್ಯೆಗೆ ಇನ್ನೊಂದು ಸುತ್ತು ಇದೆ. ನಮ್ಮ ಹಿರಿಯರಲ್ಲಿ ಜೂನ್ 1ರಂದು ‘ಹುಟ್ಟಿದವರು’ ಎಷ್ಟು ಮಂದಿ ಎಂಬುದು ಎಲ್ಲರಿಗೂ ಗೊತ್ತು. ನಾಗರಪಂಚಮಿಯ ಹಿಂದುಮುಂದು, ದೊಡ್ಡ ಮಳೆ ಬಂದ ವರ್ಷ ಎಂದಷ್ಟೇ ಮನೆಯವರು ಹೇಳುತ್ತಿದ್ದುದರಿಂದ, ಶಾಲೆಗೆ ಸೇರಿಸುವಾಗ ಮಾಸ್ತರರು ಲೆಕ್ಕ ಸರಿಹೋಗುವಂತೆ ಜೂನ್ 1 ಎಂದು ಬರೆದುಬಿಡುತ್ತಿದ್ದರು. ಈಗಿನ ಮಕ್ಕಳಿಗೆ ಜನನ ಪ್ರಮಾಣಪತ್ರವಿದೆ, ನಿಜ. ಆದರೆ ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವ ರೂಢಿ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಗಡಿಜಿಲ್ಲೆಯಾದ ಬೆಳಗಾವಿಯಲ್ಲಿ ಎಷ್ಟೋ ಸೊಸೆಯಂದಿರ ತವರು ಮಹಾರಾಷ್ಟ್ರದಲ್ಲಿರುತ್ತದೆ. ಅಲ್ಲಿ ನೋಂದಣಿಯಾದ ಪ್ರಮಾಣಪತ್ರ ಮರಾಠಿಯಲ್ಲಿ, ಮಗುವಿನ ಹೆಸರಿಲ್ಲದೆ, ತಂದೆಯ ಅಡ್ಡಹೆಸರು ಬೇರೆ ರೀತಿಯಲ್ಲಿ ಬರೆದು ಬಂದಿರುತ್ತದೆ. ಶಾಲೆಯ ದಾಖಲೆ, ಆಧಾರ್, ಪ್ರಮಾಣಪತ್ರ ಮೂರರಲ್ಲಿ ಮೂರು ಬಗೆಯ ಹೆಸರಿದ್ದರೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಆನ್‌ಲೈನ್ ನೋಂದಣಿ ಮುಂದೆ ಸಾಗುವುದೇ ಇಲ್ಲ. ತಿದ್ದುಪಡಿಗಾಗಿ ತಂದೆ ಎರಡು ದಿನದ ಪಗಾರ ಬಿಟ್ಟು ಇನ್ನೊಂದು ತಾಲ್ಲೂಕಿನ ಕಚೇರಿಗೆ ಅಲೆಯಬೇಕು. ಹತ್ತನೇ ತರಗತಿಯ ಮೊದಲೇ ಈ ಮೂರೂ ದಾಖಲೆಗಳನ್ನು ಒಂದೇ ಕಡೆ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ ಎಂದು ನಾನು ಎಲ್ಲ ಪಾಲಕರಿಗೂ ಹೇಳುತ್ತಿರುತ್ತೇನೆ.

ವಯಸ್ಸು ಮುಚ್ಚಿಟ್ಟು ಆಡಿಸುವ ಪಿಡುಗು ಭಾರತದ ಕ್ರೀಡೆಯಲ್ಲಿ ಇದ್ದೇ ಇದೆ. ಅದಕ್ಕಾಗಿಯೇ ಕೇಂದ್ರ ಸರ್ಕಾರ 2010ರಲ್ಲಿ ರಾಷ್ಟ್ರೀಯ ಸಂಹಿತೆಯೊಂದನ್ನು ತಂದಿತು. ಅನುಮಾನ ಬಂದಲ್ಲಿ ಎಡಗೈಯ ಮತ್ತು ಮಣಿಕಟ್ಟಿನ ಎಕ್ಸ್‌ರೇ ತೆಗೆದು, ಮೂಳೆಗಳು ಎಷ್ಟು ಬಲಿತಿವೆ ಎಂದು ಅಳೆಯುವ ಟಿಡಬ್ಲ್ಯೂ-3 ಎಂಬ ವಿಧಾನ ಬಳಕೆಯಲ್ಲಿದೆ. ಮೂಳೆಯ ವಯಸ್ಸು ಮತ್ತು ಕ್ಯಾಲೆಂಡರಿನ ವಯಸ್ಸು ಒಂದೇ ಅಲ್ಲ ಎಂಬುದನ್ನು ಇಲ್ಲಿ ತಿಳಿದುಕೊಳ್ಳಬೇಕು. ಪೂರ್ತಿ ಆರೋಗ್ಯವಂತ ಮಗುವಿನಲ್ಲೂ ಇವೆರಡರ ನಡುವೆ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚಿನ ಅಂತರವಿರಬಹುದು. ಬೇಗ ಬಲಿಯುವ ಮೈಕಟ್ಟಿನ ಹುಡುಗ ಒಂದಕ್ಷರ ಸುಳ್ಳು ಹೇಳದಿದ್ದರೂ ಪರೀಕ್ಷೆಯಲ್ಲಿ ‘ದೊಡ್ಡವನು’ ಎಂದು ಬರಬಹುದು. ಮೋಸವನ್ನು ತಡೆಯಲು ಇಂಥ ಪರೀಕ್ಷೆ ಬೇಕೇ ಬೇಕು. ಆದರೆ ಹೊರಬಿದ್ದ ಪ್ರತಿ ಹುಡುಗನನ್ನೂ ಸುಳ್ಳುಗಾರನೆಂದು ಓಣಿಯಲ್ಲಿ ಆಡಿಕೊಳ್ಳುವುದು ಅನ್ಯಾಯ. ಆ ಅವಮಾನದಿಂದಲೇ ಬೂಟು ಕಟ್ಟಿಟ್ಟವರಿದ್ದಾರೆ.

ಇನ್ನು ನೆಲ. ಬೆಳಗಾವಿಯ ಜಂಬಿಟ್ಟಿಗೆ ಮಣ್ಣು ಬೇಸಿಗೆಯಲ್ಲಿ ಹಂಚಿನಂತೆ ಗಟ್ಟಿಯಾಗಿ, ಮೇಲೆ ಸಣ್ಣ ಹರಳುಗಳ ಪದರ ಏಳುತ್ತದೆ. ಜುಲೈನಲ್ಲಿ ಅದೇ ನೆಲ ಕೆಂಪು ಕೆಸರು. ಬಾಗಲಕೋಟೆ, ವಿಜಯಪುರದ ಕಡೆ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಾಲು ಉಳುಕಿಸುತ್ತದೆ, ಮಳೆಗಾಲದಲ್ಲಿ ಬೂಟಿಗೆ ಮುದ್ದೆಮುದ್ದೆಯಾಗಿ ಮೆತ್ತಿಕೊಳ್ಳುತ್ತದೆ. ಹುಲ್ಲಿನ ಮೇಲೆ ಉರುಳುವ ಚೆಂಡು ಗಟ್ಟಿ ನೆಲದ ಮೇಲೆ ಪುಟಿದು ಎಲ್ಲಿಗೆ ಹೋಗುತ್ತದೋ ಹೇಳಲಾಗದು. ಆದ್ದರಿಂದ ಇಲ್ಲಿನ ಹುಡುಗ ಮೊದಲು ಚೆಂಡನ್ನು ನಿಲ್ಲಿಸಿ, ಕಣ್ಣು ಅದರ ಮೇಲಿಟ್ಟು, ಅದು ಹಿಡಿತಕ್ಕೆ ಬಂದ ಮೇಲೆ ತಲೆ ಎತ್ತಿ ನೋಡುವುದನ್ನು ಕಲಿಯುತ್ತಾನೆ. ಹುಲ್ಲಿನ ಮೇಲೆ ಬೆಳೆದವನು ಚೆಂಡು ಬರುವ ಮೊದಲೇ ಸುತ್ತ ನೋಡಿ, ಒಂದೇ ಸ್ಪರ್ಶದಲ್ಲಿ ಮುಂದಕ್ಕೆ ತಿರುಗುತ್ತಾನೆ. ಬೆಂಗಳೂರಿನ ಆಯ್ಕೆ ಶಿಬಿರದಲ್ಲಿ ಇಬ್ಬರೂ ಅಕ್ಕಪಕ್ಕ ನಿಂತಾಗ ನಮ್ಮವನು ಅರ್ಧ ಕ್ಷಣ ನಿಧಾನವಾಗಿ ಕಾಣುತ್ತಾನೆ. ಆ ಅರ್ಧ ಕ್ಷಣ ಅವನ ನೆಲ ಅವನಿಗೆ ಕಲಿಸಿದ ಎಚ್ಚರಿಕೆ.

ಶಿಬಿರಕ್ಕೆ ಅವನು ತಲುಪಿದ ಬಗೆಯನ್ನೂ ನೋಡಬೇಕು. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯಲ್ಲಿ, ಬಾಗಿಲ ಬಳಿ ಚೀಲದ ಮೇಲೆ ಕುಳಿತು, ನಿದ್ದೆಯಿಲ್ಲದೆ ರಾತ್ರಿ ಕಳೆದು, ಅವ್ವ ಕಟ್ಟಿಕೊಟ್ಟ ರೊಟ್ಟಿ ಮತ್ತು ಶೇಂಗಾ ಚಟ್ನಿಯನ್ನು ನಿಲ್ದಾಣದಲ್ಲೇ ತಿಂದು, ನಗರದ ಬಸ್ಸು ಹುಡುಕಿಕೊಂಡು ಮೈದಾನ ಸೇರುತ್ತಾನೆ. ನೂರಾರು ಹುಡುಗರು ಬಂದಿರುತ್ತಾರೆ; ಒಬ್ಬೊಬ್ಬರಿಗೆ ಸಿಗುವುದು ಹದಿನೈದು ಇಪ್ಪತ್ತು ನಿಮಿಷದ ಆಟ. ಪರಸ್ಪರ ಪರಿಚಯವಿಲ್ಲದ ಇಪ್ಪತ್ತೆರಡು ಮಂದಿಯನ್ನು ಕೂಡಿಸಿದರೆ ಯಾರೂ ಯಾರಿಗೂ ಚೆಂಡು ಕೊಡುವುದಿಲ್ಲ, ಪ್ರತಿಯೊಬ್ಬನೂ ತನ್ನನ್ನು ತೋರಿಸಿಕೊಳ್ಳುವ ಆತುರದಲ್ಲಿರುತ್ತಾನೆ. ರಕ್ಷಣೆಯಲ್ಲಿ ಸರಿಯಾದ ಜಾಗದಲ್ಲಿ ನಿಲ್ಲುವುದೇ ತನ್ನ ಶಕ್ತಿಯಾಗಿರುವ ಹುಡುಗ ಅಂಥ ಗದ್ದಲದಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ.

ರಾಜ್ಯದ ಫುಟ್‌ಬಾಲಿನ ರಚನೆಯೇ ಬೆಂಗಳೂರಿನ ಸುತ್ತ ಬೆಳೆದಿದೆ. ಪ್ರಮುಖ ಲೀಗಾದ ಸೂಪರ್ ಡಿವಿಷನ್ ನಡೆಯುವುದು ಅಲ್ಲಿ, ದೊಡ್ಡ ಕ್ಲಬ್ಬುಗಳು ಇರುವುದು ಅಲ್ಲಿ, ರಾಜ್ಯ ತಂಡಕ್ಕೆ ಆಟಗಾರರು ಕಣ್ಣಿಗೆ ಬೀಳುವುದೂ ಅಲ್ಲೇ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ, ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿಯನ್ನು 54 ವರ್ಷಗಳ ನಂತರ ಗೆದ್ದಿತು. ಆ ಗೆಲುವು ನಮ್ಮೆಲ್ಲರ ಹೆಮ್ಮೆ. ಆದರೆ ಆ ಮಟ್ಟಕ್ಕೆ ಏರಲು ಬೆಳಗಾವಿಯ ಹುಡುಗ ಮೊದಲು ಬೆಂಗಳೂರಿನಲ್ಲಿ ಬಾಡಿಗೆ ಕೋಣೆ ಹಿಡಿದು ಬದುಕಬೇಕಾಗುತ್ತದೆ, ಅಥವಾ ಘಾಟಿಯ ಆಚೆ ಗೋವಾದಲ್ಲಿ ಹೊರರಾಜ್ಯದವನಾಗಿ ಜಾಗ ಹುಡುಕಬೇಕಾಗುತ್ತದೆ. ಕುಸ್ತಿಯ ಪೈಲ್ವಾನನಿಗೆ ಹೀಗಿಲ್ಲ. ಊರೂರಿನ ಜಾತ್ರೆಯಲ್ಲಿ ಕಣ ಹಾಕುತ್ತಾರೆ, ಗೆದ್ದವನಿಗೆ ಅಲ್ಲೇ ಬಹುಮಾನ, ಅಲ್ಲೇ ಹೆಸರು. ಊರು, ತಾಲ್ಲೂಕು, ಜಿಲ್ಲೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುವ ದಾರಿ ತಲೆಮಾರುಗಳಿಂದ ಇದೆ. ಫುಟ್‌ಬಾಲಿಗೆ ನಮ್ಮ ಭಾಗದಲ್ಲಿ ಅಂಥ ಮೆಟ್ಟಿಲು ಇನ್ನೂ ಕಟ್ಟಿಲ್ಲ. ಶಾಲಾ ಹುಡುಗರಿಗೆ 1960ರಿಂದ ನಡೆಯುತ್ತಿರುವ ಸುಬ್ರತೋ ಕಪ್ ಒಂದು ಒಳ್ಳೆಯ ದಾರಿ. ಆದರೆ ಅಲ್ಲಿ ಮೇಲೇರುವುದು ಇಡೀ ಶಾಲೆಯ ತಂಡ. ಸಾಧಾರಣ ತಂಡದಲ್ಲಿರುವ ಒಬ್ಬ ಅಸಾಧಾರಣ ಹುಡುಗ ತಾಲ್ಲೂಕು ಮಟ್ಟದಲ್ಲೇ ನಿಲ್ಲುತ್ತಾನೆ.

ಸ್ಥಳೀಯ ತರಬೇತುದಾರರು ಏಕೆ ಹೆಚ್ಚು ಮಾಡುತ್ತಿಲ್ಲ ಎಂದು ಕೇಳುವವರಿದ್ದಾರೆ. ಇದರ ಹಿಂದೆ ಹಣದ ಲೆಕ್ಕವೊಂದಿದೆ. ಫಿಫಾ ನಿಯಮದಂತೆ ಆಟಗಾರನೊಬ್ಬ ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಹಣಕ್ಕೆ ವರ್ಗವಾದರೆ, ಆ ಮೊತ್ತದ ಶೇಕಡಾ 5 ಭಾಗವನ್ನು ಅವನ 12ರಿಂದ 23ನೇ ವಯಸ್ಸಿನವರೆಗೆ ತರಬೇತಿ ಕೊಟ್ಟ ಕ್ಲಬ್ಬುಗಳಿಗೆ ಹಂಚಬೇಕು. ವರ್ಗಾವಣೆ 1 ಕೋಟಿ ರೂಪಾಯಿಯದಾದರೆ ಹಂಚಿಕೆಯ ಮೊತ್ತ 5 ಲಕ್ಷ. 12ರಿಂದ 15ರ ನಡುವಿನ ನಾಲ್ಕು ವರ್ಷ ಅವನನ್ನು ಬೆಳೆಸಿದ ಕ್ಲಬ್ಬಿಗೆ ಅದರಲ್ಲಿ ಸಿಗುವುದು 1 ಲಕ್ಷ. ಯುರೋಪಿನ ಸಣ್ಣ ಊರುಗಳ ಕ್ಲಬ್ಬುಗಳಿಗೆ ಇದು ದೊಡ್ಡ ಆಸರೆ. ಭಾರತದ ಆಟಗಾರರು ಹಾಗೆ ಹೊರದೇಶಕ್ಕೆ ಹೋಗುವುದು ತೀರ ಅಪರೂಪವಾದ್ದರಿಂದ ಬೆಳಗಾವಿಯ ಓಣಿಯ ಕ್ಲಬ್ಬಿಗೆ ಆ ಹಣ ಹರಿದು ಬರುವುದಿಲ್ಲ. ಆದ್ದರಿಂದ ನಮ್ಮ ತರಬೇತುದಾರರಲ್ಲಿ ಹೆಚ್ಚಿನವರು ಹಗಲು ಬೇರೆ ಕೆಲಸ ಮಾಡಿ, ಬೆಳಿಗ್ಗೆ ಐದೂವರೆಗೆ ಸ್ವಂತ ಖರ್ಚಿನ ಚೆಂಡು ಹಿಡಿದು ಮೈದಾನಕ್ಕೆ ಬರುವವರು. ಅವರ ಬಗ್ಗೆ ನನಗೆ ಅಪಾರ ಗೌರವವಿದೆ.

ಮನೆಯ ಮಾತು ಇನ್ನೂ ಕಠಿಣ. ಉದ್ಯಮಬಾಗದ ಫೌಂಡ್ರಿಯಲ್ಲಿ ಪಾಳಿಯ ಮೇಲೆ ದುಡಿಯುವ ತಂದೆ, ವಡಗಾವಿಯಲ್ಲಿ ಮಗ್ಗದ ಮುಂದೆ ಕೂರುವ ತಾಯಿ "ಆಟ ಹೊಟ್ಟಿ ತುಂಬಸ್ತೈತೇನು?" ಎಂದು ಕೇಳಿದರೆ ಅದು ಪ್ರೀತಿಯಿಲ್ಲದ ಮಾತಲ್ಲ. 2025ರ ಜುಲೈನಲ್ಲಿ ದೇಶದ ಅತಿ ದೊಡ್ಡ ಲೀಗಾದ ಐಎಸ್‌ಎಲ್‌ನ ಹೊಸ ಋತುವನ್ನೇ ತಡೆಹಿಡಿದಾಗ, ಕೆಲವು ಕ್ಲಬ್ಬುಗಳು ಆಟಗಾರರ ಸಂಬಳ ನಿಲ್ಲಿಸಿದಾಗ, ಆ ಪ್ರಶ್ನೆ ಇನ್ನಷ್ಟು ಗಟ್ಟಿಯಾಯಿತು. ಮೇಲ್ಮಟ್ಟ ಮುಟ್ಟಿದವರ ಗತಿಯೇ ಹೀಗಾದರೆ ನನ್ನ ಮಗನ ಪಾಡೇನು ಎಂದು ಕೇಳುವ ತಂದೆಗೆ ಯಾರು ಉತ್ತರ ಹೇಳಬೇಕು? ಎಸ್‌ಎಸ್‌ಎಲ್‌ಸಿಗೆ ಕೂರಲು ಶೇಕಡಾ 75ರಷ್ಟು ಹಾಜರಾತಿ ಬೇಕು. ಪಂದ್ಯ, ಪ್ರಯಾಣ, ಶಿಬಿರ ಎಂದು ಕಳೆದ ದಿನಗಳ ಪಾಠವನ್ನು ತುಂಬಿಕೊಳ್ಳಲು ಟ್ಯೂಷನ್ ಹಚ್ಚುವ ಶಕ್ತಿ ಆ ಮನೆಗಿಲ್ಲ. ಹೆಚ್ಚು ಜನ ಗಮನಿಸದ ಇನ್ನೊಂದು ವಿಷಯವಿದೆ. 2024ರಿಂದ ರಾಜ್ಯದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಹತ್ತನೇ ತರಗತಿಯವರೆಗೆ ವಾರಕ್ಕೆ ಆರು ದಿನ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಕೊಡುತ್ತಾರೆ. ಬೆಳಿಗ್ಗೆ ಬರೀ ಚಹಾ ಕುಡಿದು ಎರಡು ತಾಸು ಓಡಿ ಬರುವ ಹುಡುಗನಿಗೆ ಆ ಮೊಟ್ಟೆ ಅಂದಿನ ಮುಖ್ಯ ಪೋಷಣೆ. ಪಿಯುಸಿಗೆ ಕಾಲಿಟ್ಟ ದಿನ, ಅಂದರೆ ಮೈ ತುಂಬಿಕೊಳ್ಳಬೇಕಾದ ವಯಸ್ಸಿನಲ್ಲೇ, ಅದು ನಿಂತುಹೋಗುತ್ತದೆ.

ಹುಡುಗಿಯರಿಗೆ ಇವೆಲ್ಲದರ ಜೊತೆಗೆ ಮೈದಾನಕ್ಕೆ ಹೋಗುವ ದಾರಿಯೇ ಒಂದು ಪ್ರಶ್ನೆ. ಬಟ್ಟೆ ಬದಲಿಸುವ ಕೋಣೆಯಿಲ್ಲ, ಶೌಚಾಲಯವಿಲ್ಲ, ಸಂಜೆ ಆರರ ಮೇಲೆ ಮನೆಯ ಹೊರಗಿರುವಂತಿಲ್ಲ. ಮೊಣಕಾಲಿನ ಎಸಿಎಲ್ ಎಂಬ ಮುಖ್ಯ ಕಟ್ಟು ಹರಿಯುವ ಅಪಾಯ ಹುಡುಗರಿಗಿಂತ ಅವರಲ್ಲಿ ಹೆಚ್ಚೆಂಬುದು ಕ್ರೀಡಾ ವೈದ್ಯರಿಗೆ ತಿಳಿದ ವಿಷಯ. ಜಿಗಿದು ಸರಿಯಾಗಿ ನೆಲಕ್ಕಿಳಿಯುವ ಅಭ್ಯಾಸವನ್ನು ಚಿಕ್ಕಂದಿನಲ್ಲೇ ಕಲಿಸಿದರೆ ಅದು ಗಣನೀಯವಾಗಿ ತಗ್ಗುತ್ತದೆ. ಅಷ್ಟು ಕಲಿಸುವವರು ಇಲ್ಲಿ ಎಷ್ಟು ಮಂದಿ ಇದ್ದಾರೆ?

‘ಕಷ್ಟಪಟ್ಟವರು ಮೇಲೆ ಬಂದೇ ಬರುತ್ತಾರೆ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅಷ್ಟೇ ಕಷ್ಟಪಟ್ಟು, ಒಂದು ಎಕ್ಸ್‌ರೇಯಿಂದಲೋ ಒಂದು ಅಡ್ಡಹೆಸರಿನ ತಪ್ಪಿನಿಂದಲೋ ಹೊರಗುಳಿದವರು ಆ ಮಾತಿನ ಲೆಕ್ಕದಲ್ಲಿ ಬರುವುದೇ ಇಲ್ಲ. ಹುಡುಗರ ಛಲ ದೊಡ್ಡದು, ನಿಜ. ಆದರೆ ಆ ಛಲವನ್ನು ದಾಖಲೆ ತಿದ್ದಿಸಲು, ನೋವು ಬಚ್ಚಿಡಲು ಖರ್ಚು ಮಾಡಿಸುವುದು ನಮ್ಮ ತಪ್ಪು.

ಇಲ್ಲಿಯ ಒಬ್ಬ ತರಬೇತುದಾರರು ಸಾಮಾನು ಇಡುವ ಕೋಣೆಯ ಗೋಡೆಯ ಮೇಲೆ ಪ್ರತಿ ತಿಂಗಳ ಮೊದಲ ಭಾನುವಾರ ಸುಣ್ಣದ ಕಡ್ಡಿಯಿಂದ ಎಲ್ಲರ ಎತ್ತರ ಗುರುತಿಸುತ್ತಾರೆ. ಗೆರೆ ಬೇಗ ಬೇಗ ಮೇಲೇರುತ್ತಿರುವ ಹುಡುಗನನ್ನು ಮೂರು ತಿಂಗಳು ಅರ್ಧ ಆಟಕ್ಕಷ್ಟೇ ಇಳಿಸುತ್ತಾರೆ. ಗಟ್ಟಿ ನೆಲದ ಮೇಲೆ ಓಡಿಸುವ ಬದಲು ಚೆಂಡಿನ ಜೊತೆಗಿನ ನಿಧಾನದ ಅಭ್ಯಾಸ ಕೊಡುತ್ತಾರೆ, ಆಯ್ಕೆಗೆ ಕಳಿಸುವಾಗ ಆ ಅಳತೆಯ ಪಟ್ಟಿಯನ್ನೂ ಜೊತೆಗೆ ಕಳಿಸುತ್ತಾರೆ. ಬೂಟು ಹೊಲಿಸಿಕೊಂಡ ಹುಡುಗನನ್ನು ನಾನು ಆ ಗೋಡೆಯ ಮುಂದೆ ಮತ್ತೆ ಕಂಡೆ. ದಸರೆಯಿಂದ ಯುಗಾದಿಗೆ ಅವನ ಗೆರೆ ಮೂರು ಬೆರಳು ಮೇಲೇರಿತ್ತು. ಕಾಲಲ್ಲಿ ಬೇರೆ ಯಾರೋ ಬಿಟ್ಟುಕೊಟ್ಟ, ಒಂದು ಅಳತೆ ದೊಡ್ಡದಾದ ಬೂಟು. ತುದಿಯಲ್ಲಿ ಬಟ್ಟೆ ತುರುಕಿಕೊಂಡಿದ್ದ. "ಇನ್ನೂ ಎಷ್ಟ ದಿನಾ ಅರ್ಧಾ ಆಡಬೇಕ್ರಿ ಸರ್?" ಎಂದು ಕೇಳಿದ. "ಗೆರಿ ನಿಲ್ಲೂ ತನಕಾ" ಎಂದರು ಅವರು. ಹುಡುಗ ಗೋಡೆಯ ಗೆರೆಯನ್ನು ಇನ್ನೊಮ್ಮೆ ನೋಡಿ, ಚೆಂಡಿನ ಚೀಲ ಹೆಗಲಿಗೇರಿಸಿಕೊಂಡು ಮೈದಾನಕ್ಕೆ ಇಳಿದ.